ತೂಕ ಹಾಕಿದ್ದಾಯಿತು, ಮಗುವನ್ನು ನೋಡುವವರು ಯಾರು?

ಕರ್ನಾಟಕದಲ್ಲಿ ಐದು ವರ್ಷದೊಳಗಿನ ಪ್ರತಿ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು, ಶೇ 35.4. ಅದರ ಹಿಂದಿನ, 2015–16ರ ಸಮೀಕ್ಷೆಯಲ್ಲಿ ಶೇ 36.2 ಇತ್ತು. ಈ ನಡುವೆ ಶಾಲೆ, ಅಂಗನವಾಡಿಗಳಲ್ಲಿ ಕ್ಷೀರಭಾಗ್ಯದ ಹಾಲು ಸಿಗುತ್ತಲೇ ಇತ್ತು, ಮೊಟ್ಟೆ ಬಂತು. ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟ ಬಡಿಸುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾಯಿತು. ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳ ಪ್ರಮಾಣ ಶೇ 26.1ರಿಂದ 19.5ಕ್ಕೆ ಇಳಿದದ್ದು ನಿಜ, ಅದು ಸಣ್ಣ ಸಾಧನೆಯಲ್ಲ. ಆದರೆ ಕುಂಠಿತ ಬೆಳವಣಿಗೆ, ಅಂದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು, ಒಂದು ಅಂಶದಷ್ಟೂ ಅಲುಗಲಿಲ್ಲ. ಮಕ್ಕಳ ರಕ್ತಹೀನತೆಯಂತೂ ಶೇ 60.9ರಿಂದ 65.5ಕ್ಕೆ ಏರಿತು.

ಈ ಅಂಕಿ ಹೊರಬಿದ್ದಾಗಲೆಲ್ಲ ಚರ್ಚೆ ಊಟದ ಸುತ್ತಲೇ ಗಿರಕಿ ಹೊಡೆಯುತ್ತದೆ. ಮೊಟ್ಟೆ ಕೊಡಬೇಕೋ ಬೇಡವೋ, ಎಷ್ಟು ದಿನ ಕೊಡಬೇಕು, ಟೆಂಡರ್ ಯಾರಿಗೆ ಹೋಯಿತು. ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಬಡ ಊರುಗಳಲ್ಲಿ ಮಕ್ಕಳ ಬೆಳವಣಿಗೆಯ ಮೇಲೆ ಸಂಶೋಧನೆ ಮಾಡಿದ ವೈದ್ಯರು ಐವತ್ತು ವರ್ಷಗಳಿಂದ ಇನ್ನೊಂದು ಮಾತನ್ನು ಹೇಳುತ್ತಲೇ ಬಂದಿದ್ದಾರೆ. ಕುಳ್ಳಗೆ ಉಳಿದ ಮಗುವಿನಲ್ಲಿ ನಾವು ಕಳೆದುಕೊಳ್ಳುತ್ತಿರುವುದು ಸೆಂಟಿಮೀಟರುಗಳಷ್ಟೇ ಆಗಿರುವುದಿಲ್ಲ. ಆ ಮಗು ಆಡಬೇಕಾಗಿದ್ದ ಮಾತು, ಕಲಿಯಬೇಕಾಗಿದ್ದ ಬುದ್ಧಿ, ಮುಂದೆ ದುಡಿಯಬೇಕಾಗಿದ್ದ ಕೂಲಿ ಕೂಡ ಅದರ ಜೊತೆಗೇ ಸೋರಿ ಹೋಗುತ್ತದೆ. ಆ ಸೋರಿಕೆಯನ್ನು ಊಟ ಒಂದರಿಂದಲೇ ತಡೆಯಲು ಆಗುವುದಿಲ್ಲ. ಈ ಎರಡನೆಯ ಮಾತು ನಮ್ಮ ಜಿಲ್ಲೆಗಳ ಮಟ್ಟಿಗೆ ಇನ್ನೂ ಕಿವಿಗೆ ಬಿದ್ದಿಲ್ಲ ಎಂಬುದು ನನ್ನ ಕಳವಳ.

ದಾವಣಗೆರೆಯವರಿಗೆ ಮಕ್ಕಳ ವೈದ್ಯರ ಕೊರತೆಯ ಕಷ್ಟ ಅಷ್ಟಾಗಿ ಗೊತ್ತಿಲ್ಲ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂದ ಊರು ಇದು. ಬಾಪೂಜಿ ಮಕ್ಕಳ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಎಂದರೆ ಸುತ್ತಲಿನ ನಾಲ್ಕಾರು ಜಿಲ್ಲೆಗಳವರು ಕೂಸನ್ನು ಎತ್ತಿಕೊಂಡು ಬಸ್ಸು ಹತ್ತುತ್ತಾರೆ. ಆದರೆ ಭದ್ರಾ ನಾಲೆಯ ನೀರು ಹರಿಯುವ ಭತ್ತದ ಗದ್ದೆಗಳನ್ನು ದಾಟಿ ಸುಮಾರು 50 ಕಿಲೋಮೀಟರ್ ಹೋದರೆ ಸಿಗುವ ಜಗಳೂರು ಬೇರೆಯದೇ ಸೀಮೆ. ಅಲ್ಲಿಂದಾಚೆ ಚಳ್ಳಕೆರೆ, ಮೊಳಕಾಲ್ಮುರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು. ಹಟ್ಟಿ, ತಾಂಡಾ, ಕಾಲೊನಿಗಳಲ್ಲಿ ಚದುರಿ ಹೋದ ಜನ. ಮಳೆ ಕೈಕೊಟ್ಟ ವರ್ಷ ಗುಳೆ ಹೊರಟವರು ಕಾಫಿ ಸೀಮೆಗೋ ಬೆಂಗಳೂರಿನ ಕಟ್ಟಡಗಳಿಗೋ ಹೋಗಿ ಸೇರುತ್ತಾರೆ. ಆಸ್ಪತ್ರೆಯಲ್ಲಿ ಕುಳಿತ ವೈದ್ಯರಿಗೆ ಕಾಣುವುದು ಜ್ವರ, ಭೇದಿ, ನ್ಯುಮೋನಿಯಾ ತಂದು ಮಲಗಿಸಿದ ಮಗು. ಖಾಯಿಲೆ ಬೀಳದೆ, ಅಳದೆ, ಯಾರಿಗೂ ತೊಂದರೆ ಕೊಡದೆ ನಿಧಾನಕ್ಕೆ ಹಿಂದೆ ಬೀಳುತ್ತಿರುವ ಮಗು ಆಸ್ಪತ್ರೆಗೆ ಬರುವುದೇ ಇಲ್ಲ. ಅದನ್ನು ಹಟ್ಟಿಗೆ ಹೋಗಿಯೇ ನೋಡಬೇಕು.

ಹಟ್ಟಿಯಲ್ಲಿ ಅದನ್ನು ನೋಡುವ ಏಕೈಕ ಜಾಗ ಅಂಗನವಾಡಿ. ಅಲ್ಲಿ ಏನನ್ನು ನೋಡುತ್ತಾರೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ಗಮನಿಸಬೇಕು.

ಎರಡು ವರ್ಷದೊಳಗಿನ ಕೂಸನ್ನು ನಿಲ್ಲಿಸಿ ಅಳೆಯುವಂತಿಲ್ಲ, ಮಲಗಿಸಿಯೇ ಉದ್ದ ನೋಡಬೇಕು. ಅಳತೆಯ ಹಲಗೆಯ ಮೇಲೆ ಮಲಗಿಸಿ ಒಬ್ಬರು ತಲೆಯನ್ನು ಮೇಲಿನ ಪಟ್ಟಿಗೆ ತಾಗಿಸಿ ಹಿಡಿದುಕೊಳ್ಳಬೇಕು. ಇನ್ನೊಬ್ಬರು ಮಂಡಿಗಳನ್ನು ಮೆಲ್ಲಗೆ ಒತ್ತಿ, ಕಾಲು ನೇರ ಮಾಡಿ, ಜಾರುವ ಪಟ್ಟಿಯನ್ನು ಅಂಗಾಲಿಗೆ ತಂದು ನಿಲ್ಲಿಸಬೇಕು. ಕೂಸು ಅಷ್ಟರಲ್ಲಿ ಒದ್ದಾಡಿ, ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಮುಗಿಲು ಹರಿಯುವಂತೆ ಅಳುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದ ಪ್ರಕಾರ ಎರಡು ತುಂಬಿದ ಹೆಣ್ಣುಮಗುವಿನ ನಡುಮಟ್ಟದ ಉದ್ದ ಸುಮಾರು 86 ಸೆಂಟಿಮೀಟರ್, 80ಕ್ಕಿಂತ ಕೆಳಗಿದ್ದರೆ ಕುಂಠಿತ. ಅಂದರೆ ಮಂಡಿ ಸರಿಯಾಗಿ ನೇರವಾಗದೆ ಒಂದು ಸೆಂಟಿಮೀಟರ್ ಆಚೀಚೆಯಾದರೆ ಎಷ್ಟೋ ಮಕ್ಕಳು ಗೆರೆಯ ಈ ಕಡೆಯಿಂದ ಆ ಕಡೆಗೆ ಹೋಗಿಬಿಡುತ್ತಾರೆ. ನಾಲ್ಕು ಕೈ ಬೇಡುವ ಕೆಲಸ. ಆದರೆ ಸಹಾಯಕಿ ಆ ಹೊತ್ತಿಗೆ ಒಲೆಯ ಮುಂದಿರುತ್ತಾಳೆ. ಅಳತೆ ಮುಗಿದ ಮೇಲೆ ರಿಜಿಸ್ಟರ್, ಆಮೇಲೆ ಪೋಷಣ್ ಟ್ರ್ಯಾಕರ್ ಆ್ಯಪ್, ನೆಟ್‌ವರ್ಕ್ ಇಲ್ಲದಿದ್ದರೆ ಮೊಬೈಲ್ ಹಿಡಿದು ಗುಡ್ಡದ ಕಡೆಗೆ ನಡಿಗೆ. "ಎಲ್ಲಾ ಹಾಕ್ತೀವಿ ಸರ್, ತೂಕ, ಎತ್ತರ, ಫೋಟೋ. ಕೂಸು ಮಾತಾಡ್ತೈತಾ ಅಂತ ಮಾತ್ರ ಯಾರೂ ಕೇಳಂಗಿಲ್ಲ" ಎಂದು ಜಗಳೂರು ಕಡೆಯ ಒಬ್ಬ ಅಂಗನವಾಡಿ ಟೀಚರ್ ಹೇಳಿದ್ದರು. ದೂರಿನ ದನಿ ಅವರದಾಗಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು.

ತಾಯಿ ಕಾರ್ಡ್‌ನಲ್ಲಿ ಆ ಪ್ರಶ್ನೆಗೂ ಜಾಗವಿದೆ. ಮೂರು ತಿಂಗಳಿಗೆ ಮುಖ ನೋಡಿ ನಗುತ್ತದೆಯೇ, ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರುತ್ತದೆಯೇ, ಒಂದೂವರೆ ವರ್ಷಕ್ಕೆ ಕೇಳಿದ್ದನ್ನು ತೋರಿಸುತ್ತದೆಯೇ ಎಂಬಂಥ ಚಿತ್ರಗಳ ಪುಟ. ನಾನು ನೋಡಿದ ಕಾರ್ಡ್‌ಗಳಲ್ಲಿ ಲಸಿಕೆಯ ಪುಟ ತುಂಬಿತ್ತು, ತೂಕದ ಚುಕ್ಕಿಗಳೂ ಇದ್ದವು. ಈ ಪುಟ ಮಾತ್ರ ಅಚ್ಚಾದಾಗ ಹೇಗಿತ್ತೋ ಹಾಗೇ ಇತ್ತು.

ಈ ಖಾಲಿ ಪುಟದ ಬೆಲೆ ಎಷ್ಟು ಎಂಬುದನ್ನು ಜಗತ್ತಿಗೆ ಲೆಕ್ಕಹಾಕಿ ತೋರಿಸಿದವರಲ್ಲಿ ಮೊದಲು ಹೆಸರಿಸಬೇಕಾದವರು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್. ಬ್ರಿಟಿಷ್ ವೈದ್ಯೆ. ಜಮೈಕಾದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ಮತ್ತು ಸಂಗಡಿಗರು 1986–87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಿಂದ 9ರಿಂದ 24 ತಿಂಗಳ 129 ಕುಂಠಿತ ಮಕ್ಕಳನ್ನು ಆರಿಸಿಕೊಂಡರು. ಚೀಟಿ ಎತ್ತಿದಂತೆ ಯಾವ ಆಯ್ಕೆಯೂ ಇಲ್ಲದೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಂದು ಕಿಲೋ ಹಾಲಿನ ಪುಡಿಯ ಪೂರಕ ಆಹಾರ. ಇನ್ನೊಂದಕ್ಕೆ ಆಹಾರವಿಲ್ಲ, ಬದಲಿಗೆ ವಾರಕ್ಕೊಮ್ಮೆ ಆರೋಗ್ಯ ಸಹಾಯಕಿ ಮನೆಗೆ ಬಂದು ಒಂದು ತಾಸು ತಾಯಿ–ಮಗುವಿನ ಜೊತೆ ಆಟ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಹೀಗೆ ಎರಡು ವರ್ಷ.

ಆ ಒಂದು ತಾಸಿನಲ್ಲಿ ನಡೆಯುತ್ತಿದ್ದದ್ದು ಏನು? ಮನೆಗೆ ಬಂದಾಕೆಯ ಚೀಲದಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ, ರಟ್ಟಿನ ಡಬ್ಬಿಯ ತುಂಡು, ಚಿಂದಿ ಬಟ್ಟೆಯ ಗೊಂಬೆ, ಕೈಯಲ್ಲಿ ಬರೆದ ಚಿತ್ರಪುಸ್ತಕ. ಬಾಟಲಿಯೊಳಗೆ ಒಂದೊಂದೇ ತುಂಡು ಹಾಕುವುದು, ತೆಗೆಯುವುದು, ದೊಡ್ಡದು ಯಾವುದು ಚಿಕ್ಕದು ಯಾವುದು ಎಂದು ಕೇಳುವುದು. ಮುಖ್ಯ ವಿಷಯ, ಆಡಿಸುವವಳು ತಾಯಿ. ಬಂದಾಕೆ ತೋರಿಸಿಕೊಟ್ಟು ಪಕ್ಕಕ್ಕೆ ಸರಿಯುತ್ತಿದ್ದಳು. ಮಗು ಮಾಡಿದ್ದನ್ನು ಹೊಗಳುವುದು, ಅದು ಬೆರಳು ತೋರಿಸಿದ ವಸ್ತುವಿನ ಹೆಸರು ಹೇಳುವುದು, ಅದು "ಆ" ಎಂದಾಗ ತಿರುಗಿ ಮಾತಾಡುವುದು, ಬಟ್ಟೆ ಒಗೆಯುವಾಗಲೂ ಅಡುಗೆ ಮಾಡುವಾಗಲೂ ಅದನ್ನು ಮುಂದುವರಿಸುವುದು. ಹೋಗುವಾಗ ಆಟಿಕೆ ಬಿಟ್ಟು ಹೋಗಿ ಮುಂದಿನ ವಾರ ಬೇರೆಯದು ತರುತ್ತಿದ್ದಳು.

ಎರಡು ವರ್ಷ ಮುಗಿದಾಗ ಆಹಾರವೂ ಆಟವೂ ಮಕ್ಕಳ ಬುದ್ಧಿಬೆಳವಣಿಗೆಗೆ ನೆರವಾಗಿದ್ದವು, ಎರಡೂ ಸಿಕ್ಕ ಮಕ್ಕಳು ಎಲ್ಲರಿಗಿಂತ ಮುಂದಿದ್ದರು. ಆದರೆ ಮಕ್ಕಳು ಶಾಲೆಯ ವಯಸ್ಸಿಗೆ ಬಂದಾಗ ಆಹಾರದಿಂದ ಸಿಕ್ಕಿದ್ದ ಲಾಭ ಮಸುಕಾಗಿತ್ತು. ಆಟ–ಮಾತಿನಿಂದ ಸಿಕ್ಕಿದ್ದು ಉಳಿದಿತ್ತು. ಅದೇ ಮಕ್ಕಳನ್ನು 22ನೇ ವಯಸ್ಸಿನಲ್ಲಿ ಹುಡುಕಿಕೊಂಡು ಹೋಗಿ ನೋಡಿದಾಗ ಆಟ ಸಿಕ್ಕಿದ್ದವರ ಗಳಿಕೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. 31ನೇ ವಯಸ್ಸಿಗೆ ಈ ಅಂತರ ಶೇ 37 ಆಗಿತ್ತು. ವಾರಕ್ಕೊಂದು ತಾಸು, ಎರಡು ವರ್ಷ, ಚಿಂದಿ ಬಟ್ಟೆಯ ಗೊಂಬೆ. ಮೂವತ್ತು ವರ್ಷದ ಮೇಲೂ ಸಂಬಳದ ಚೀಟಿಯಲ್ಲಿ ಅದರ ಗುರುತು ಕಾಣುತ್ತಿದೆ.

ಇದನ್ನು ಓದಿ "ಹಾಗಾದರೆ ಮೊಟ್ಟೆ ಯಾಕೆ" ಎಂದು ಕೇಳಬಾರದು. ಹೊಟ್ಟೆ ತುಂಬದ ಮಗು ಆಡುವುದಿಲ್ಲ. ಅದಕ್ಕೆ ತ್ರಾಣವೇ ಇರುವುದಿಲ್ಲ. ರಕ್ತಹೀನ ಮಗು ಮಂಕಾಗಿ ಮೂಲೆಯಲ್ಲಿ ಕೂರುತ್ತದೆ, ಮಂಕಾಗಿ ಕೂತ ಮಗುವನ್ನು ದೊಡ್ಡವರೂ ಕಡಿಮೆ ಮಾತಾಡಿಸುತ್ತಾರೆ, ಮಾತಾಡಿಸದ ಮಗು ಇನ್ನಷ್ಟು ಮಂಕಾಗುತ್ತದೆ. ಊಟವೂ ಒಡನಾಟವೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೇ ಎರಡನ್ನೂ ಒಟ್ಟಿಗೆ ಕೊಡಬೇಕಾಗಿದೆ. ಕಾಲದ ಪ್ರಶ್ನೆಯೂ ಇದೆ. ಎರಡು ವರ್ಷ ತುಂಬುವಷ್ಟರಲ್ಲಿ ಮಿದುಳಿನ ಗಾತ್ರ ದೊಡ್ಡವರ ಮಿದುಳಿನ ಮುಕ್ಕಾಲು ಭಾಗ ಮುಟ್ಟಿರುತ್ತದೆ. ಚಳ್ಳಕೆರೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ: ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಬಾರದ ಮಳೆ ಆಮೇಲೆ ಎಷ್ಟು ಸುರಿದರೂ ಪೂರ್ತಿ ಇಳುವರಿ ಬರುವುದಿಲ್ಲ. ಪೂರ್ತಿ ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಿದ್ದೇನೆ. ಮೂರು ವರ್ಷದ ನಂತರ ಏನೂ ಮಾಡಲಾಗದು ಎನ್ನುವವರ ಮಾತನ್ನು ನಂಬಬೇಡಿ. ಮಗು ಮುಂದೆಯೂ ಕಲಿಯುತ್ತದೆ, ಶ್ರಮ ಮಾತ್ರ ಹೆಚ್ಚು ಬೇಕಾಗುತ್ತದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. "ಈ ಜನ ಹಿಂಗೇ, ಇವರ ಮಕ್ಕಳೂ ಹಿಂಗೇ" ಎಂಬ ಮಾತನ್ನು ಓದಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಟರ್ಕಿಯ ಮಕ್ಕಳ ವೈದ್ಯೆ ಇಲ್ಗಿ ಎರ್ಟೆಮ್ ಮತ್ತು ಸಂಗಡಿಗರು ಅರ್ಜೆಂಟೀನಾ, ಭಾರತ, ದಕ್ಷಿಣ ಆಫ್ರಿಕಾ, ಟರ್ಕಿ ಈ ನಾಲ್ಕು ದೇಶಗಳ ಮೂರು ವರ್ಷದೊಳಗಿನ ಆರೋಗ್ಯವಂತ ಮಕ್ಕಳನ್ನು ಹೋಲಿಸಿ ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ. ನಗುವುದು, ಅಂಬೆಗಾಲಿಡುವುದು, ಮೊದಲ ಮಾತು, ಸೂಚನೆ ಪಾಲಿಸುವುದು ಇಂಥ ಬಹುಪಾಲು ಹಂತಗಳನ್ನು ನಾಲ್ಕೂ ದೇಶದ ಮಕ್ಕಳು ಹೆಚ್ಚುಕಡಿಮೆ ಒಂದೇ ವಯಸ್ಸಿಗೆ ಮುಟ್ಟಿದ್ದರು. ಗಂಡು–ಹೆಣ್ಣು ಎಂಬ ಭೇದವೂ ಹೇಳಿಕೊಳ್ಳುವಷ್ಟಿರಲಿಲ್ಲ. ಅಂದಮೇಲೆ ಮೊಳಕಾಲ್ಮುರಿನ ಮಗು ಹಿಂದೆ ಬಿದ್ದಿದ್ದರೆ ಕಾರಣವನ್ನು ಅದರ ರಕ್ತದಲ್ಲಿ, ಜಾತಿಯಲ್ಲಿ ಹುಡುಕಬಾರದು. ಅದು ಹುಟ್ಟಿದ ಮನೆಯ ಸುತ್ತ ಏನಿದೆ, ಏನಿಲ್ಲ ಎಂದು ನೋಡಬೇಕು.

ಏನಿಲ್ಲ ಎಂದು ನೋಡಿದರೆ ಮೊದಲು ಎದ್ದು ಕಾಣುವುದು ತಾಯಿಯ ಹೊತ್ತು. ನಮ್ಮ ಹಳ್ಳಿಗಳಲ್ಲಿ ಕೂಸನ್ನು ಆಡಿಸುವುದು ಗೊತ್ತಿಲ್ಲದ ಮನೆ ಇಲ್ಲ. ಚಪ್ಪಾಳೆ ತಟ್ಟಿಸುವುದು, ಚಂದಮಾಮನನ್ನು ತೋರಿಸಿ ತುತ್ತು ಇಡುವುದು, ಬೆರಳು ಮಡಚಿ ಕಂಕುಳಿಗೆ ಕಚಗುಳಿ ಇಡುವುದು, ಇದನ್ನೆಲ್ಲ ಯಾವ ತರಬೇತಿಯೂ ಕಲಿಸಬೇಕಾಗಿಲ್ಲ. ಅಜ್ಜಿಯರಿಗೆ ಇದು ಬಾಯಿಪಾಠ. ಆದರೆ ಹೊಳಲ್ಕೆರೆ, ಚನ್ನಗಿರಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಕೂಲಿಗೆ ಹೋದವಳು ಮನೆ ಸೇರುವಾಗ ಕತ್ತಲಾಗಿರುತ್ತದೆ. ಅಜ್ಜಿಯೂ ಕೂಲಿಗೆ ಹೋಗುವ ಮನೆಗಳಲ್ಲಿ ಕೂಸು ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲೆ. ಗುಳೆ ಹೋದ ಮನೆಯಲ್ಲಿ ಅದು ಕಟ್ಟಡದ ಮರಳಿನ ರಾಶಿಯ ಮೇಲೆ. ದಾವಣಗೆರೆ ನಗರದೊಳಗೇ ಮಂಡಕ್ಕಿ ಭಟ್ಟಿಗಳ ಸುತ್ತ ಹೊಗೆಯ ನಡುವೆ ಬೆಳೆಯುವ ಮಕ್ಕಳಿದ್ದಾರೆ, ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ತಾಯಂದಿರ ಪಕ್ಕದಲ್ಲಿ ಆಡುವ ಮಕ್ಕಳಿದ್ದಾರೆ. ಅವರ ತಾಯಂದಿರು ಮನೆಯಲ್ಲೇ ಇರುತ್ತಾರೆ, ಆದರೆ ಕೈ ಬಿಡುವಿರುವುದಿಲ್ಲ. "ಮಗುವಿನೊಂದಿಗೆ ಮಾತನಾಡಿ" ಎಂಬ ಗೋಡೆಬರಹವನ್ನು ಇವರ ಮುಂದೆ ಇಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಹೊತ್ತು ಕೊಡದೆ ಬುದ್ಧಿವಾದ ಕೊಟ್ಟರೆ ತಪ್ಪಿನ ಹೊರೆ ತಾಯಿಯ ತಲೆ ಮೇಲೆ ಬೀಳುತ್ತದೆ, ಅಷ್ಟೇ.

ಈ ವಿಷಯದಲ್ಲಿ ರಾಜ್ಯ ಸರ್ಕಾರ ಇಟ್ಟ ಒಂದು ಹೆಜ್ಜೆ ನಿಜಕ್ಕೂ ಸರಿಯಾದ ದಿಕ್ಕಿನದು: ಕೂಸಿನ ಮನೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ 2023ರ ಜುಲೈ ಬಜೆಟ್‌ನಲ್ಲಿ ಘೋಷಣೆಯಾಯಿತು. ಮೂರು ವರ್ಷದೊಳಗಿನ ಮಗುವಿಗೆ ಹಗಲಲ್ಲಿ ಒಂದು ಸೂರು, ಊಟ, ನೋಡಿಕೊಳ್ಳುವ ಒಬ್ಬರು ಎಂಬ ಯೋಚನೆಯೇ ದೊಡ್ಡದು. ಆದರೆ ರೂಪಿಸಿದ ಬಗೆಯಲ್ಲೇ ಒಂದು ತೊಡಕಿದೆ. ಯೋಜನೆ ಶುರುವಾದಾಗ ಮಕ್ಕಳನ್ನು ನೋಡಿಕೊಳ್ಳುವವರಿಗೂ ನರೇಗಾದಿಂದಲೇ ಕೂಲಿ ಎಂದಿತ್ತು, ಆಗ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಮಿತಿ. ಅಲ್ಲಿಗೆ ಆರೈಕೆಯ ಕೈ ಬದಲಾಗುತ್ತಲೇ ಇರುತ್ತದೆ. ಒಂದು ವರ್ಷದ ಕೂಸಿಗೆ ಇವತ್ತು ಒಬ್ಬರು, ಮೂರು ತಿಂಗಳಿಗೆ ಇನ್ನೊಬ್ಬರು. ಮಗು ಒಂದು ಮುಖಕ್ಕೆ ಒಗ್ಗಿಕೊಂಡು ಆ ಮುಖ ನೋಡಿ ಮಾತು ಕಲಿಯುವ ವಯಸ್ಸು ಅದು. ಕೂಲಿಯ ಲೆಕ್ಕಕ್ಕೆ ಹೊಂದುವ ವ್ಯವಸ್ಥೆ ಕೂಸಿನ ಲೆಕ್ಕಕ್ಕೆ ಹೊಂದುವುದಿಲ್ಲ. ಅಡಿಕೆ ಸುಲಿಯಲು, ಮೆಕ್ಕೆಜೋಳ ಮುರಿಯಲು ಖಾಸಗಿ ಹೊಲಕ್ಕೆ ಹೋಗುವ ತಾಯಂದಿರನ್ನು ಗಮನದಲ್ಲಿಟ್ಟು ಕೇಂದ್ರದ ಸಮಯ, ಋತುಗಳನ್ನೂ ಹೊಂದಿಸಬೇಕಾಗುತ್ತದೆ.

ಮೂರು ತುಂಬಿದ ಮಗು ಅಂಗನವಾಡಿಗೆ ಬರುತ್ತದೆ, ಹಾಡುತ್ತದೆ, ಬಿಸಿಯೂಟ ಉಣ್ಣುತ್ತದೆ. ಮೂರರೊಳಗಿನ ಮಗುವಿಗೆ ಅಂಗನವಾಡಿ ಎಂದರೆ ತಿಂಗಳಿಗೊಮ್ಮೆ ತಕ್ಕಡಿ, ಮನೆಗೆ ಒಯ್ಯುವ ಪುಷ್ಟಿ ಪ್ಯಾಕೆಟ್, ಲಸಿಕೆಯ ದಿನ. ಪ್ಯಾಕೆಟ್ ಮನೆ ಸೇರಿದರೆ ಮನೆಯ ಮಕ್ಕಳೆಲ್ಲರಿಗೂ ಹಂಚಿ ಹೋಗುತ್ತದೆ. ಬಡ ಮನೆಯಲ್ಲಿ ಒಂದು ಮಗುವಿಗೆ ಕಲಸಿಕೊಟ್ಟು ಇನ್ನೊಂದಕ್ಕೆ ಇಲ್ಲ ಎನ್ನಲು ಯಾವ ತಾಯಿಗೂ ಆಗದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ಕರ್ನಾಟಕದಲ್ಲಿ ಟಿ. ನರಸೀಪುರದಲ್ಲಿ, ಈ ಕಾರ್ಯಕ್ರಮ ಆರಂಭವಾದಾಗಿನಿಂದ ಮೂರರೊಳಗಿನ ಮಕ್ಕಳ ಈ ಖಾಲಿ ಜಾಗ ಹಾಗೇ ಉಳಿದುಕೊಂಡಿದೆ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹುಟ್ಟಿದಂದಿನಿಂದ ಮೂರು ವರ್ಷದ ಮಕ್ಕಳಿಗಾಗಿಯೇ 'ನವಚೇತನ' ಎಂಬ ಚೌಕಟ್ಟು ಹೊರತಂದಿತು. 36 ತಿಂಗಳಿಗೆ ತಿಂಗಳವಾರು ಆಟ, ಮಾತಿನ ಚಟುವಟಿಕೆಗಳಿವೆ. ಬರೆದವರು ವಿಷಯ ಬಲ್ಲವರು ಎಂಬುದು ಓದಿದರೆ ತಿಳಿಯುತ್ತದೆ. ಪುಸ್ತಕ ಇದೆ, ಅದನ್ನು ಹಿಡಿದು ಮನೆಗೆ ಹೋಗುವ ಕಾಲು ಬೇಕು.

ಆ ಕಾಲು ಈಗ ಆಶಾ ಕಾರ್ಯಕರ್ತೆಯದು. ಮನೆಗೆ ಹೋಗಿ ಆರೈಕೆ ಮಾಡುವ ಈ ಪದ್ಧತಿಯೇ ಒಂದು ಸಂಶೋಧನೆಯ ಫಲ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ವೈದ್ಯ ದಂಪತಿ ಅಭಯ್ ಬಂಗ್, ರಾಣಿ ಬಂಗ್ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ಹಸುಗೂಸುಗಳನ್ನು ಮನೆಯಲ್ಲೇ ನೋಡಿಕೊಳ್ಳುವ ಪ್ರಯೋಗ ನಡೆಸಿದರು. ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿಯಿತು ಎಂದು 1999ರಲ್ಲಿ ಪ್ರಕಟಿಸಿದರು. 2011ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. 2018ರಿಂದ ಹಸುಗೂಸಿನ ಹಂತ ದಾಟಿದ ಮಕ್ಕಳಿಗೂ ವಿಸ್ತರಿಸಿ, 3, 6, 9, 12, 15ನೇ ತಿಂಗಳಲ್ಲಿ ಆಶಾ ಮನೆಗೆ ಹೋಗಬೇಕೆಂದು ನಿಗದಿ ಮಾಡಿದರು. ಭೇಟಿಗೆ 50 ರೂಪಾಯಿ ಪ್ರೋತ್ಸಾಹಧನ. ಈಗ ಲೆಕ್ಕ ಹಾಕಿ. ಜಮೈಕಾದಲ್ಲಿ ವಾರಕ್ಕೊಂದರಂತೆ ಎರಡು ವರ್ಷಕ್ಕೆ ಸುಮಾರು ನೂರು ಭೇಟಿ. ನಮ್ಮಲ್ಲಿ ಐದು. ಆ ಐದರಲ್ಲೇ ಲಸಿಕೆ, ಎದೆಹಾಲು, ಮೇಲೂಟ, ಕಬ್ಬಿಣದ ಸಿರಪ್, ಓಆರ್‌ಎಸ್, ಕೈ ತೊಳೆಯುವುದು, ಎಲ್ಲದರ ಕೊನೆಗೆ ಆಟ. ಹದಿನೈದು ತಿಂಗಳ ನಂತರ ಯಾರೂ ಬರುವುದಿಲ್ಲ. ಮಾತು ಚಿಗುರುವ ಹೊತ್ತಿಗೇ ಬಾಗಿಲು ತಟ್ಟುವುದು ನಿಲ್ಲುತ್ತದೆ. ನೂರು ಮಾತ್ರೆ ಕೊಡಬೇಕಾದಲ್ಲಿ ಐದು ಕೊಟ್ಟು ಔಷಧಿಯೇ ಸರಿಯಿಲ್ಲ ಎಂದು ಯಾವ ವೈದ್ಯರೂ ಹೇಳಲಾರರು.

ಮನೆಗೆ ಬಂದು ಕೂತು ಮಾತಾಡುವುದಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಕರ್ನಾಟಕದ್ದೇ ಸಾಕ್ಷಿ ಇದೆ. ರಕ್ತಹೀನ ಮಕ್ಕಳಿಗೆ ಕಬ್ಬಿಣದ ಔಷಧಿ ಬರೆದುಕೊಟ್ಟು ಕಳಿಸುವುದು ವಾಡಿಕೆ. ವೈದ್ಯ ಅರುಣ್ ಶೇಟ್ ಮತ್ತು ತಂಡದವರು 55 ಹಳ್ಳಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧದಷ್ಟು ಹಳ್ಳಿಗಳಲ್ಲಿ ಔಷಧಿಯ ಜೊತೆಗೆ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ಮನೆಗೆ ಹೋಗಿ ತಂದೆತಾಯಿಗೆ ತಿಳಿಹೇಳಿದರು. ಔಷಧಿ ಮಾತ್ರ ಸಿಕ್ಕ ಕಡೆ ಶೇ 41.4ರಷ್ಟು ಮಕ್ಕಳು ಗುಣವಾದರೆ, ಮಾತೂ ಸಿಕ್ಕ ಕಡೆ ಶೇ 55.7. ಔಷಧಿ ಕೊಟ್ಟರೆ ಮಲ ಕಪ್ಪಾಗುತ್ತದೆ, ಹೆದರಬೇಡ ಎಂದು ಹೇಳುವ ಒಬ್ಬರಿಲ್ಲದಿದ್ದರೆ ಬಾಟಲಿ ಗೂಡಿನಲ್ಲೇ ಉಳಿಯುತ್ತದೆ.

ಸಂಶೋಧನೆ ನಾವು ನಂಬಿದ್ದನ್ನೆಲ್ಲ ಸಮರ್ಥಿಸುತ್ತದೆ ಎಂದೇನೂ ಇಲ್ಲ. ಶುದ್ಧ ನೀರು, ಶೌಚಾಲಯ ಕೊಟ್ಟರೆ ಮಕ್ಕಳ ಎತ್ತರ ತಾನೇ ಹೆಚ್ಚುತ್ತದೆ ಎಂದು ಬಹಳ ಮಂದಿ ತಿಳಿದಿದ್ದರು. ಬಯಲು ಶೌಚದ ಕೊಳಕು ಬಾಯಿಗೆ ಹೋಗಿ ಹೋಗಿ ಕರುಳಿನ ಒಳಪದರ ಹಾಳಾಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಬಾಂಗ್ಲಾದೇಶ, ಕೆನ್ಯಾ, ಜಿಂಬಾಬ್ವೆಯಲ್ಲಿ ನಡೆದು 2018–19ರಲ್ಲಿ ಪ್ರಕಟವಾದ ಮೂರು ದೊಡ್ಡ ಪ್ರಯೋಗಗಳಲ್ಲಿ ಮನೆ ಮಟ್ಟದ ನೀರು–ನೈರ್ಮಲ್ಯದ ಕೆಲಸದಿಂದ ಎತ್ತರ ಹೆಚ್ಚಲಿಲ್ಲ. ಕೈ ತೊಳೆಯುವ ಸೋಪು, ಒಂದು ಶೌಚಗುಂಡಿಯಷ್ಟರಿಂದ ಇಡೀ ಊರಿನ ಕೊಳಕು ದೂರವಾಗುವುದಿಲ್ಲ ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಕಂಡ ಜಿಲ್ಲೆ ನಮ್ಮದು. ಅಲ್ಲಿ ಪೈಪಿನ ನೀರೇ ಬರುತ್ತಿತ್ತು.

ಗೊಲ್ಲರಹಟ್ಟಿಗಳ ವಿಷಯವನ್ನು ಬಿಟ್ಟು ಈ ಸೀಮೆಯ ಕೂಸುಗಳ ಬಗ್ಗೆ ಬರೆಯಲು ಆಗುವುದಿಲ್ಲ. ಮೈಲಿಗೆಯೆಂದು ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಲ್ಲಿ ಇಡುವ ಪದ್ಧತಿ ಕೆಲವು ಹಟ್ಟಿಗಳಲ್ಲಿ ಇನ್ನೂ ಉಳಿದಿದೆ. 2023ರಲ್ಲಿ ತುಮಕೂರು ಬಳಿಯ ಗೊಲ್ಲರಹಟ್ಟಿಯಲ್ಲಿ ಹಾಗೆ ಇದ್ದ ಹಸುಗೂಸು ಮಳೆ–ಚಳಿಗೆ ಸಿಕ್ಕಿ ತೀರಿಕೊಂಡಿತು. ಅಧಿಕಾರಿಗಳು ಹೋಗಿ ಗುಡಿಸಲು ಕಿತ್ತರು, ಪತ್ರಿಕೆಗಳು ಬೈದವು. ಬದಲಾವಣೆ ಬಂದ ಹಟ್ಟಿಗಳಲ್ಲಿ ಅದನ್ನು ತಂದವರು ಅದೇ ಸಮುದಾಯದಲ್ಲಿ ಓದಿ, ನರ್ಸ್ ಆಗಿ, ಟೀಚರ್ ಆಗಿ ಮರಳಿ ಹೋದ ಹೆಣ್ಣುಮಕ್ಕಳು. ಹೊರಗಿನಿಂದ ಹೋಗುವ ವೈದ್ಯ, ಸಂಶೋಧಕ ಮೊದಲು ಅವರ ಜೊತೆ ಕೂರಬೇಕು. ಹಟ್ಟಿಯನ್ನು ಬರಿಯ ಮೂಢನಂಬಿಕೆಯ ಉದಾಹರಣೆಯಾಗಿ ನೋಡಿದವರಿಗೆ ಆ ಹಟ್ಟಿಯ ಮಕ್ಕಳ ಬಗ್ಗೆ ನಿಜ ಸಂಗತಿ ಯಾವತ್ತೂ ಸಿಗುವುದಿಲ್ಲ.

ಹಾಗಾದರೆ ನಮ್ಮಲ್ಲಿ ಏನು ಮಾಡಬಹುದು? ವಾರಕ್ಕೊಮ್ಮೆ ಪ್ರತಿ ಮನೆಗೆ ಹೋಗುವಷ್ಟು ಜನ ಇಲ್ಲ ಎಂಬ ಆಕ್ಷೇಪ ನಿಜವಾದದ್ದೇ. ಒಡಿಶಾದಲ್ಲಿ ಇದಕ್ಕೊಂದು ದಾರಿ ಕಂಡಿದೆ. ಮೊದಲು ಕಟಕ್ ನಗರದ ಕೊಳೆಗೇರಿಗಳಲ್ಲಿ, ಆಮೇಲೆ ಹಳ್ಳಿಗಳಲ್ಲಿ ಜಮೈಕಾದ ಪದ್ಧತಿಯನ್ನು ಪ್ರಯೋಗಿಸಿದರು. ಹಳ್ಳಿಯ ಅಧ್ಯಯನದಲ್ಲಿ ಗ್ರಾಂಥಮ್-ಮೆಕ್‌ಗ್ರೆಗರ್ ಅವರೂ ಇದ್ದರು. ತಾಯಂದಿರನ್ನು ಗುಂಪಾಗಿ ಕೂರಿಸಿ ಆಡಿಸಿದಾಗಲೂ ಮನೆಮನೆಗೆ ಹೋದಷ್ಟೇ ಫಲ ಸಿಕ್ಕಿತು, ಖರ್ಚು ಮಾತ್ರ ತುಂಬ ಕಡಿಮೆ. ಎಚ್ಚರಿಕೆಯ ಪಾಠವೂ ಒಂದಿದೆ. ಕೊಲಂಬಿಯಾದಲ್ಲಿ ಇದೇ ಪದ್ಧತಿಯನ್ನು ಹಲವು ಊರುಗಳಿಗೆ ಹಿಗ್ಗಿಸಿದಾಗ ಆರಂಭದಲ್ಲಿ ಕಂಡ ಲಾಭ ಎರಡು ವರ್ಷದ ಮೇಲೆ ಉಳಿದಿರಲಿಲ್ಲ. ಕಾರ್ಯಕ್ರಮ ದೊಡ್ಡದಾದಷ್ಟೂ ಹಾಜರಿ ಪುಸ್ತಕ ತುಂಬಿ ಆಟ ತೆಳುವಾಗುವ ಅಪಾಯ ಇದ್ದೇ ಇದೆ. ಅದಕ್ಕೇ ಇಡೀ ರಾಜ್ಯಕ್ಕೆ ಒಂದೇ ದಿನ ಉದ್ಘಾಟನೆ ಮಾಡುವುದಕ್ಕಿಂತ ಒಂದು ತಾಲ್ಲೂಕಿನಲ್ಲಿ ಮಾಡಿ, ಅಳೆದು, ತಿದ್ದಿಕೊಂಡು ಮುಂದೆ ಹೋಗುವುದು ಮೇಲು.

ಆ ತಾಲ್ಲೂಕು ಜಗಳೂರು ಅಥವಾ ಮೊಳಕಾಲ್ಮುರು ಆಗಲಿ ಎಂಬುದು ನನ್ನ ಒತ್ತಾಯ. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಚಿತ್ರದುರ್ಗದಲ್ಲಿ 2023ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಪ್ರತಿ ಕಾಲೇಜಿನಲ್ಲಿ ಸಮುದಾಯ ವೈದ್ಯಕೀಯ ವಿಭಾಗ, ಮಕ್ಕಳ ವಿಭಾಗ ಇವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪದವಿಗಾಗಿ ಪ್ರಬಂಧ ಬರೆಯಲೇಬೇಕು. ಆಸ್ಪತ್ರೆಗೆ ಬಂದ ಮಕ್ಕಳ ಕಡತ ತಿರುವಿ ಬರೆಯುವ ಬದಲು ಇವರಲ್ಲಿ ಕೆಲವರಾದರೂ ಒಂದೇ ಹೋಬಳಿಯ ಮಕ್ಕಳನ್ನು ಬ್ಯಾಚಿನಿಂದ ಬ್ಯಾಚಿಗೆ ಹಸ್ತಾಂತರಿಸುತ್ತಾ ಹುಟ್ಟಿನಿಂದ ಶಾಲೆಯವರೆಗೆ ಹಿಂಬಾಲಿಸಿದರೆ ಹತ್ತು ವರ್ಷದಲ್ಲಿ ಈ ಸೀಮೆಯ ಬಗ್ಗೆ ಇರುವ ತಿಳಿವಳಿಕೆಯೇ ಬದಲಾಗುತ್ತದೆ. ಸಂಶೋಧನೆಯ ಹೆಸರಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು, ರಕ್ತ ತೆಗೆದುಕೊಂಡು ಹೋದವರು ಮತ್ತೆ ಮುಖ ತೋರಿಸಲಿಲ್ಲ ಎಂಬ ಅನುಮಾನ ಜನರಲ್ಲಿದೆ. ಆದ್ದರಿಂದ ಫಲಿತಾಂಶವನ್ನು ಮೊದಲು ಹಟ್ಟಿಯ ಕಟ್ಟೆಯ ಮೇಲೆ ಕನ್ನಡದಲ್ಲಿ ಓದಿ ಹೇಳಬೇಕು, ಇಂಗ್ಲಿಷ್ ಪತ್ರಿಕೆಗೆ ಆಮೇಲೆ ಕಳಿಸಬಹುದು. ಹಿಂದೆ ಬಿದ್ದ ಮಗು ಸಿಕ್ಕರೆ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಮೊಳಕಾಲ್ಮುರಿನಿಂದ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು, ವಾರವಾರ ಬಾ ಎಂದರೆ ಮೂರನೆಯ ವಾರಕ್ಕೆ ಬರುವುದು ನಿಲ್ಲುತ್ತದೆ. ಥೆರಪಿ ಕೊಡುವವರೇ ತಿಂಗಳಿಗೆ ಇಂತಿಷ್ಟು ದಿನ ತಾಲ್ಲೂಕು ಆಸ್ಪತ್ರೆಗೆ ಹೋಗುವ ಏರ್ಪಾಡು ಬೇಕು.

ಹಣದ ಪ್ರಶ್ನೆ ಬಂದೇ ಬರುತ್ತದೆ. ಕೂಸಿನ ಮನೆಯ ಕಟ್ಟಡವಿದೆ, ಅಂಗನವಾಡಿ ಇದೆ, ನವಚೇತನದ ಪುಸ್ತಕವಿದೆ, ಆಟಿಕೆಗೆ ಬೇಕಾದ ಬಾಟಲಿ, ರಟ್ಟು, ಹಳೆಯ ಸೀರೆ ಪ್ರತಿ ಮನೆಯಲ್ಲೂ ಇದೆ. ಇಲ್ಲದಿರುವುದು ವಾರಕ್ಕೊಮ್ಮೆ ಹತ್ತು ತಾಯಂದಿರನ್ನು ಸೇರಿಸಿ ಒಂದು ತಾಸು ಕೂರಿಸುವ ಒಬ್ಬ ಹೆಣ್ಣುಮಗಳು. ಪಿಯುಸಿ ಓದಿ ಊರಲ್ಲೇ ಇರುವ ಅಂಥ ಹುಡುಗಿಯರು ಪ್ರತಿ ಹಟ್ಟಿಯಲ್ಲೂ ಸಿಗುತ್ತಾರೆ. ಆಶಾ ಕಾರ್ಯಕರ್ತೆಯ ಹೆಗಲಿಗೆ ಇದನ್ನೂ ಹೊರಿಸದೆ, ಪ್ರೋತ್ಸಾಹಧನ ಎಂಬ ಚಿಲ್ಲರೆಯ ಬದಲು ತಿಂಗಳ ಸಂಬಳ ಕೊಟ್ಟು, ತಿಂಗಳಿಗೊಮ್ಮೆ ಅವಳ ಜೊತೆ ಕೂತು ತಿದ್ದುವ ಒಬ್ಬ ಮೇಲ್ವಿಚಾರಕಿಯನ್ನು ಕೊಟ್ಟು ನೇಮಿಸಬೇಕು. ತಾಯಂದಿರು ಬರುವುದು ಸಂಜೆ ಕೂಲಿ ಮುಗಿದ ಮೇಲೋ, ಅಮಾವಾಸ್ಯೆಯ ರಜೆಯ ದಿನವೋ ಎಂಬುದನ್ನು ಆಯಾ ಹಟ್ಟಿಯೇ ತೀರ್ಮಾನಿಸಲಿ. ಮತ್ತು ಪೋಷಣ್ ಟ್ರ್ಯಾಕರ್‌ನಲ್ಲಿ ತೂಕ, ಎತ್ತರದ ಕೆಳಗೆ ಒಂದು ಸಾಲು ಸೇರಲಿ: ಈ ತಿಂಗಳು ಈ ಮಗುವಿನ ಜೊತೆ ಯಾರು ಆಡಿದರು, ಎಷ್ಟು ಬಾರಿ.